ಪ್ರೋಟೀನ್ ಮಾದರಿ ಕಿಟ್: ತಿರುಗಬಾರದ ಕೀಲು ತಿರುಗುತ್ತದೆ

ಕಾಸರಗೋಡಿನಲ್ಲಿ ಪ್ಲಸ್ ವನ್ ಓದುವ ಕನ್ನಡದ ಮಕ್ಕಳಿಗೆ ಜೀವಶಾಸ್ತ್ರ ಕಲಿಸುವ ನಾನು, ಜೈವಿಕ ಅಣುಗಳ ಪಾಠಕ್ಕೆಂದು ಪ್ರೋಟೀನ್ ರಚನೆಯ ಮಾದರಿ ಕಿಟ್ ಒಂದನ್ನು 1,850 ರೂಪಾಯಿ ಕೊಟ್ಟು ಆನ್‌ಲೈನಿನಲ್ಲಿ ತರಿಸಿ, ಒಂದು ಮಳೆಗಾಲವಿಡೀ ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಪೆಟ್ಟಿಗೆಯಲ್ಲಿರುವುದು ಒಂದಕ್ಕೊಂದು ಸಿಕ್ಕಿಸಿ ಸರಪಳಿ ಮಾಡುವ ಪ್ಲಾಸ್ಟಿಕ್ ಅಮೈನೋ ಆಮ್ಲಗಳು, ಒಳಗೆ ತಂತಿಯಿದ್ದು ಬಗ್ಗಿಸಿದಂತೆ ನಿಲ್ಲುವ ಮೂರು ಸ್ಪಂಜಿನ ಕೊಳವೆಗಳು ಮತ್ತು ಅಮೈನೋ ಆಮ್ಲಗಳ ಬಗೆಯನ್ನು ತೋರಿಸಲು ಅವುಗಳಿಗೆ ಚುಚ್ಚುವ ಬಣ್ಣದ ಗುಂಡುಪಿನ್ನುಗಳು.

ಕೊಟ್ಟ ಹಣಕ್ಕೆ ಕೊಳವೆಗಳಿಂದ ಮೋಸವಿಲ್ಲ. ನೀರನ್ನು ದೂರವಿಡುವ ಹಳದಿ ಪಿನ್ನುಗಳು ಮಡಿಕೆಯೊಳಗೆ ಸೇರಬೇಕು, ಋಣಾವೇಶದ ಕೆಂಪು ಮತ್ತು ಧನಾವೇಶದ ನೀಲಿ ಹತ್ತಿರ ಬರಬೇಕು ಎಂಬಷ್ಟೇ ನಿಯಮ ಹೇಳಿದರೆ ಮಕ್ಕಳು ತಾವೇ ಮಡಚಿ ಒಂದು ಆಕಾರಕ್ಕೆ ತರುತ್ತಾರೆ. ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯಲ್ಲಿರುವ 146 ಅಮೈನೋ ಆಮ್ಲಗಳಲ್ಲಿ 6ನೆಯದಾದ, ಋಣಾವೇಶದ ಗ್ಲುಟಾಮಿಕ್ ಆಮ್ಲದ ಜಾಗಕ್ಕೆ ನೀರನ್ನು ದೂರವಿಡುವ ವ್ಯಾಲೀನ್ ಬಂದರೆ ಕುಡಗೋಲು ಕಣ ರೋಗ ಬರುತ್ತದೆ ಎಂಬುದನ್ನು ತೋರಿಸಲು, ಹೊರಮೈಯ ಒಂದು ಕೆಂಪು ಪಿನ್ನು ಕಿತ್ತು ಹಳದಿ ಚುಚ್ಚಿದೆ. "ಟೀಚರ್, ಇದನ್ನು ಎಲ್ಲಿ ಅಡಗಿಸುವುದು?" ಎಂದಳು ಒಬ್ಬಳು. ಅಡಗಲು ತನ್ನಲ್ಲಿ ಜಾಗವಿಲ್ಲದ ಆ ಪಿನ್ನು ಪಕ್ಕದ ಗುಂಪಿನ ಕೊಳವೆಯ ಹಳದಿ ಗುಳಿಗೆ ಹೋಗಿ ಸೇರಿತು; ಆಮ್ಲಜನಕ ಬಿಟ್ಟುಕೊಟ್ಟ ಹಿಮೋಗ್ಲೋಬಿನ್ನುಗಳು ಒಂದಕ್ಕೊಂದು ಅಂಟಿ ಎಳೆಗಳಾಗುವುದೂ ಹೀಗೆಯೇ.

ಕೈಪಿಡಿಯಲ್ಲಿ ಇಲ್ಲದ ಒಂದು ಉಪಯೋಗವೂ ಇದೆ. ಮೂರೂ ಕೊಳವೆಗಳನ್ನು ಬಿಡಿಬಿಡಿಯಾಗಿ ಎಡಸುರುಳಿ ಮಾಡಿ, ಆಮೇಲೆ ಒಟ್ಟಿಗೆ ಬಲಕ್ಕೆ ಹೊಸೆದರೆ ಚರ್ಮ, ಮೂಳೆಗಳಲ್ಲಿರುವ ಕೊಲಾಜನ್ ಎಂಬ ಪ್ರೋಟೀನ್ ಸಿದ್ಧ. ನಾರಿನ ಹಗ್ಗದಲ್ಲಿ ಹುರಿಯ ತಿರುವು ಒಂದು ಕಡೆಗಿದ್ದರೆ ಹಗ್ಗದ ತಿರುವು ಇನ್ನೊಂದು ಕಡೆಗಿರುವುದನ್ನು ಕಂಡ ಇಲ್ಲಿನ ಮಕ್ಕಳಿಗೆ, ಅದು ಏಕೆ ಬಿಚ್ಚಿಕೊಳ್ಳುವುದಿಲ್ಲವೆಂದು ವಿವರಿಸಬೇಕಾಗಲಿಲ್ಲ. ಈ ತ್ರಿಸುರುಳಿಯನ್ನು 1954-55ರಲ್ಲಿ ಮದರಾಸಿನಲ್ಲಿ ಕಂಡುಕೊಂಡವರು ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ.

ಪ್ಲಾಸ್ಟಿಕ್ ಸರಪಳಿಯ ಬಗ್ಗೆ ನನ್ನ ತಕರಾರು ಗಂಭೀರವಾದುದು. ಅಮೈನೋ ಆಮ್ಲಗಳನ್ನು ಒಂದಕ್ಕೊಂದು ಜೋಡಿಸುವ ಪೆಪ್ಟೈಡ್ ಬಂಧದಲ್ಲಿ ಇಂಗಾಲ ಮತ್ತು ಸಾರಜನಕಗಳ ನಡುವಿನ ಕೊಂಡಿಗೆ ಅರೆಬರೆ ದ್ವಿಬಂಧದ ಗುಣವಿರುವುದರಿಂದ ಅದು ಸುಲಭವಾಗಿ ತಿರುಗುವುದಿಲ್ಲ. ತಿರುಗುವುದು ಪ್ರತಿ ಅಮೈನೋ ಆಮ್ಲದ ನಡುವಿರುವ ಆಲ್ಫಾ ಇಂಗಾಲದ ಎರಡು ಬದಿಯ ಕೊಂಡಿಗಳು ಮಾತ್ರ. ಸುತ್ತೊಂದಕ್ಕೆ 3.6 ಅಮೈನೋ ಆಮ್ಲಗಳಿರುವ ಆಲ್ಫಾ ಸುರುಳಿಯನ್ನು ಪೌಲಿಂಗ್ ಮತ್ತು ಸಂಗಡಿಗರು 1951ರಲ್ಲಿ ಮುಂದಿಟ್ಟದ್ದೂ, ಆ ಎರಡು ಕೊಂಡಿಗಳು ಯಾವ ಕೋನಗಳಲ್ಲಿ ನಿಲ್ಲಬಲ್ಲವೆಂದು ತೋರಿಸುವ ರಾಮಚಂದ್ರನ್ ನಕ್ಷೆ 1963ರಲ್ಲಿ ಬಂದದ್ದೂ ಇದೇ ಬಿಗಿತವನ್ನು ನಂಬಿ. ಈ ಕಿಟ್ಟಿನಲ್ಲಿಯಾದರೋ ಮೂರು ಕೀಲುಗಳೂ ಗಿರಗಿರನೆ ತಿರುಗುತ್ತವೆ, ಆದ್ದರಿಂದ ಪ್ರಕೃತಿಯಲ್ಲಿ ಇರಲಾರದ ಆಕಾರಗಳೆಲ್ಲ ಮಕ್ಕಳ ಕೈಯಲ್ಲಿ ಹುಟ್ಟುತ್ತವೆ. ತಯಾರಕರಿಗೆ ಬರೆದಾಗ, ಮಕ್ಕಳಿಗೆ ಜೋಡಿಸಲು ಸುಲಭವಾಗಲೆಂದು ಹಾಗೆ ಮಾಡಿದ್ದೇವೆ ಎಂಬ ಉತ್ತರ ಬಂತು. ಕೊನೆಗೆ ಆ ಕೀಲಿಗೆ ನಾನೇ ಅಂಟು ಹಾಕಿದೆ. ಸುರುಳಿ ತಟ್ಟನೆ ಕೂಡಿಬಂತು. ಆದರೆ ಅಂಟಿಸಿದ ತುಂಡುಗಳನ್ನು ಬಿಡಿಸಲಾಗದ ಕಾರಣ, ನೀರಿನ ಅಣು ಹೊರಬಿದ್ದು ಬಂಧ ಏರ್ಪಡುವುದನ್ನು ತೋರಿಸಲು ಅರ್ಧ ಸೆಟ್ಟನ್ನು ಹಾಗೆಯೇ ಬಿಡಬೇಕಾಯಿತು.

ಕೈಪಿಡಿ ಇಂಗ್ಲಿಷಿನಲ್ಲಿ ಮಾತ್ರ ಇದೆ. ಗಡಿನಾಡಿನ ನಮಗೆ ಅದು ಹೊಸದಲ್ಲ. ಕನ್ನಡದ ಚೀಟಿಗಳನ್ನು ಬರೆದು ಅಂಟಿಸಿದೆ, ಜುಲೈ ತಿಂಗಳ ತೇವಕ್ಕೆ ಅವು ಎದ್ದುಬಂದವು, ಪಿನ್ನುಗಳಿಗೂ ತುಕ್ಕು ಹಿಡಿಯಿತು. ಕೊಳವೆ ಮತ್ತು ಪಿನ್ನುಗಳಷ್ಟೇ 700 ರೂಪಾಯಿಗೆ ಬೇರೆಯಾಗಿ ಸಿಗುತ್ತವೆ ಎಂದು ನನಗೆ ಆಮೇಲೆ ತಿಳಿಯಿತು. ಕೊಳ್ಳುವವರು ಅದನ್ನೇ ಕೊಳ್ಳಲಿ, ಪಿನ್ನುಗಳನ್ನು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಲಿ.