ವೆರಾ ಡ್ರೇಕ್: ನಿಧಾನ, ಆದರೂ ನೋಡಲೇಬೇಕು

ಈ ಸಿನಿಮಾದ ಮೊದಲ ಭಾಗದಲ್ಲಿ ಟೀ ಮಾಡುವುದು, ಟೀ ಕುಡಿಯುವುದೇ ಜಾಸ್ತಿ. 1950ರ ಲಂಡನ್. ಯುದ್ಧ ಮುಗಿದಿದೆ, ರೇಷನ್ ಮುಗಿದಿಲ್ಲ. ವೆರಾ ಸಾಹುಕಾರರ ಮನೆಗಳಲ್ಲಿ ತಿಕ್ಕಿ ತೊಳೆಯುತ್ತಾಳೆ, ಗಂಡ ತಮ್ಮನ ಗ್ಯಾರೇಜಿನಲ್ಲಿ ಮೆಕ್ಯಾನಿಕ್, ಮಗ ದರ್ಜಿ ಅಂಗಡಿಯಲ್ಲಿ, ಮಗಳು ಬಲ್ಬ್ ಫ್ಯಾಕ್ಟರಿಯಲ್ಲಿ. ಇಷ್ಟೇ ಇಕ್ಕಟ್ಟಾದ ಮನೆ, ಆದರೆ ಊಟಕ್ಕೆ ಕೂತರೆ ನಗು. ಯಾರಿಗೆ ಕಷ್ಟ ಅಂದರೂ ವೆರಾ ಹಾಜರ್. ಬೇಡದ ಬಸಿರು ನಿಂತ ಹೆಂಗಸರ ಮನೆಗೂ ಹಾಗೇ ಗುಟ್ಟಾಗಿ ಗರ್ಭ ತೆಗೆಯಲು ಹೋಗುತ್ತಾಳೆ, ಕೆಟಲ್ ಇಡುತ್ತಾಳೆ, ಗಾಬರಿ ಬೇಡಮ್ಮ ಅನ್ನುತ್ತಾಳೆ. ಕಾಸು ಮುಟ್ಟುವುದಿಲ್ಲ. ಗೆಳತಿ ಲಿಲಿ ಹಿಂದಿನಿಂದ ಎರಡು ಗಿನಿ (ಆಗಿನ ಬ್ರಿಟಿಷ್ ಹಣದ ಲೆಕ್ಕ) ವಸೂಲಿ ಮಾಡುವುದು ಇವಳಿಗೆ ಗೊತ್ತೇ ಇಲ್ಲ.

ನಿರ್ದೇಶಕ ಮೈಕ್ ಲೀ ಭಾಷಣ ಬಿಗಿಯುವುದಿಲ್ಲ. ವೆರಾ ಕೆಲಸ ಮಾಡುವ ದೊಡ್ಡ ಮನೆಯ ಮಗಳು ಸೂಸನ್‌ಗೂ ಇದೇ ಪಾಡು. ಆದರೆ ದುಡ್ಡಿದೆ, ಹಾಗಾಗಿ ಡಾಕ್ಟರು, ಮನೋವೈದ್ಯ, ನರ್ಸಿಂಗ್ ಹೋಮ್, ಎಲ್ಲ ಮುಚ್ಚುಮರೆಯಲ್ಲಿ ಮುಗಿಯುತ್ತದೆ. ಪೊಲೀಸರು ಬರುವುದು ಬಡವರ ಮನೆಗೇ, ಅದೂ ಮಗಳ ನಿಶ್ಚಿತಾರ್ಥದ ಸಂಭ್ರಮದ ನಡುವೆ! ರಿಹರ್ಸಲ್‌ನಲ್ಲಿ ಪೊಲೀಸರು ಬಾಗಿಲು ತಟ್ಟುವವರೆಗೂ ಮನೆಯವರ ಪಾತ್ರ ಮಾಡಿದ ನಟರಿಗೆ ವೆರಾಳ ಗುಟ್ಟು ಗೊತ್ತಿರಲಿಲ್ಲವಂತೆ. ಆ ದಿಗ್ಭ್ರಮೆ ಮುಖಗಳಲ್ಲಿ ಹಾಗೇ ಉಳಿದಿದೆ. ವೆರಾ ಪಾತ್ರದ ಇಮೆಲ್ಡಾ ಸ್ಟಾಂಟನ್ ಅಂತೂ... ನಗುತ್ತಿದ್ದ ಮುಖ ಪೊಲೀಸರನ್ನು ಕಂಡದ್ದೇ ಒಂದು ಮಾತಿಲ್ಲದೆ ಕುಸಿಯುತ್ತದೆ. ಸ್ಟೇಷನ್ನಿನಲ್ಲಿ ಮದುವೆ ಉಂಗುರ ಬಿಚ್ಚಿಕೊಡು ಅಂದಾಗ ಅವಳು ಪಡುವ ಸಂಕಟ ನೋಡಲಾಗುವುದಿಲ್ಲ. 2004ರ ವೆನಿಸ್ ಉತ್ಸವದಲ್ಲಿ ಸಿನಿಮಾಕ್ಕೆ ಗೋಲ್ಡನ್ ಲಯನ್, ಆಕೆಗೆ ಅತ್ಯುತ್ತಮ ನಟಿ ಪ್ರಶಸ್ತಿ ಸುಮ್ನೆ ಬಂದಿಲ್ಲ.

ವೆರಾ ಮೇಲೆ ಕೇಸು ಬೀಳುವುದು ಗರ್ಭಪಾತ ಅಪರಾಧ ಅನ್ನುವ 1861ರ ಕಾನೂನಿನಡಿ. ಬ್ರಿಟನ್ 1967ರಲ್ಲಿ ಗರ್ಭಪಾತದ ಕಾಯ್ದೆ ಸಡಿಲಿಸಿತು, ನಮ್ಮಲ್ಲಿ 1971ರಲ್ಲಿ ಗರ್ಭಪಾತಕ್ಕೆ ಅವಕಾಶ ಕೊಡುವ ಎಂಟಿಪಿ ಕಾಯ್ದೆ ಬಂತು. 2012ರಲ್ಲಿ ನಮ್ಮ ಬೆಳಗಾವಿಯ ಸವಿತಾ ಹಾಲಪ್ಪನವರ್ ಗರ್ಭಪಾತ ಕೇಳಿದರೂ ಸಿಗದೆ ಐರ್ಲೆಂಡಿನಲ್ಲಿ ತೀರಿಕೊಂಡಾಗ ಅಲ್ಲಿ ಇನ್ನೂ ಇದೇ 1861ರ ಕಾನೂನಿತ್ತು. ಹಳೇ ಕಾಲದ ಕಥೆ ಅಂತ ಹೇಗೆ ಬಿಡುವುದು?

ತಕರಾರೂ ಇದೆ. ವೆರಾಳ ವಿಧಾನ ತೆರೆಯ ಮೇಲೆ ತೀರಾ ಸಲೀಸಾಗಿ ಕಾಣುತ್ತದೆ. ಆ ಕಾಲದ ಲಂಡನ್ನಿನಲ್ಲೇ ಸೂಲಗಿತ್ತಿಯಾಗಿದ್ದ ಜೆನ್ನಿಫರ್ ವರ್ತ್, ಅದು ಎಷ್ಟು ನೋವಿನ, ಜೀವಕ್ಕೇ ಅಪಾಯದ ಕೆಲಸ ಅಂತ ಆಗಲೇ ಆಕ್ಷೇಪ ಎತ್ತಿದ್ದರು. ಒಬ್ಬ ಹುಡುಗಿ ಸಾಯುವ ಸ್ಥಿತಿಗೆ ಹೋಗುವುದನ್ನು ಸಿನಿಮಾ ತೋರಿಸುತ್ತದೆ, ನಿಜ, ಆದರೆ ಆಸ್ಪತ್ರೆಯಲ್ಲಿ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಓರಗಿತ್ತಿ ಜಾಯ್ಸ್ ಪಾತ್ರವೂ ಸ್ವಲ್ಪ ಕಾರ್ಟೂನು.

ಹಾಂ, ಸಬ್‌ಟೈಟಲ್ ಹಾಕಿಕೊಂಡೇ ನೋಡಿ. ಆ ಲಂಡನ್ ಗಲ್ಲಿಯ ಇಂಗ್ಲಿಷ್ ಅರ್ಧಕ್ಕರ್ಧ ತಲೆ ಮೇಲೆ ಹೋಗುತ್ತದೆ.