ಕೈಯಲ್ಲಿ ಮಾಡಿದ ಸೈಕಲ್ಲಿಗೆ ಮುಂಗಡ ಕೊಡುವ ಮೊದಲು ಇದನ್ನು ಓದಿ

ಕೈಯಲ್ಲೇ ಮಾಡಿದ ಸೈಕಲ್‌ಗಳ ಪ್ರದರ್ಶನಕ್ಕೆ ಹೋಗಿ, ಅಲ್ಲೇ ಆರ್ಡರ್ ಕೊಡುವ ಯೋಚನೆ ಇದ್ದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕಾಸರಗೋಡಿನಲ್ಲಿ ಅಂಥ ಒಂದು ಪ್ರದರ್ಶನದಲ್ಲಿ ನಾನೂ ಅಕ್ಕನ ಮಗನೂ ಇಡೀ ದಿನ ಸುತ್ತಿದೆವು. ಕೊನೆಗೆ ಅವನ ಕೈಗೆ ಬಂದದ್ದು ಹೊಸ ಪೈಂಟ್ ಬಳಿದ ಫ್ಯಾಕ್ಟರಿ ಫ್ರೇಮ್.

ಅಲ್ಲಿ ಒಳ್ಳೆಯ ಕೆಲಸಗಾರರೂ ಇದ್ದರು. ಒಬ್ಬರು ಲಗ್ (ಪೈಪುಗಳು ಸೇರುವಲ್ಲಿ ಹಾಕುವ ಲೋಹದ ತೋಳು) ಹಾಕಿದ ಜೋಡಣೆಯನ್ನೇ ಅಡ್ಡಕ್ಕೆ ಕೊಯ್ದು ಮೇಜಿನ ಮೇಲೆ ಇಟ್ಟಿದ್ದರು. ಬ್ರೇಜಿಂಗ್‌ನಲ್ಲಿ ಪೈಪ್ ಕರಗುವುದಿಲ್ಲ, ಹಿತ್ತಾಳೆ ಮಾತ್ರ ಕರಗಿ ಸಂದಿಗೆ ಇಳಿಯುತ್ತದೆ. ಅದು ಎಲ್ಲಿಯವರೆಗೆ ಇಳಿದಿದೆ ಅಂತ ಬೆರಳಿಟ್ಟು ತೋರಿಸಿದರು. ಅಂಥವರ ಪಕ್ಕದಲ್ಲೇ ಇನ್ನೊಬ್ಬ ಸುಳ್ಳು ಹೇಳಿ ಮಾರುತ್ತಿದ್ದ. ನನಗೆ ಜಾಸ್ತಿ ಸಿಟ್ಟು ಬಂದದ್ದು ಅದಕ್ಕೇ.

ನಮ್ಮ ಹುಡುಗ ಉದ್ದ. ಅಂಗಡಿಯಲ್ಲಿ ಸಿಗುವ ಸೈಕಲ್ ಅವನಿಗೆ ಹೊಂದುವುದಿಲ್ಲ. "ನಿಮ್ಮ ಅಳತೆಗೇ ಮಾಡಿ ಕೊಡ್ತೇನೆ. ಜೋಡುಗೆರೆ ಇಲ್ಲದ 4130 ಕ್ರೋಮೋಲಿ ಪೈಪ್. ಉಪ್ಪುಗಾಳಿಗೂ ತುಕ್ಕು ಹಿಡಿಯುವುದಿಲ್ಲ" ಅಂದ ಆ ಮಾರಾಟಗಾರ. (ಕ್ರೋಮೋಲಿ ಅಂದರೆ ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ ಗಟ್ಟಿ ಉಕ್ಕು, 4130 ಅದರ ಒಂದು ದರ್ಜೆ. ಜೋಡುಗೆರೆ ಅಂದರೆ ತಗಡು ಸುತ್ತಿ ಪೈಪ್ ಮಾಡುವಾಗ ಬೆಸೆದ ಗುರುತು.) ಮ್ಯಾಗ್ನೆಟ್ ಅಂಟಿಸಿ "ನೋಡಿ, ಅಸಲಿ ಸ್ಟೀಲ್" ಅಂತಲೂ ತೋರಿಸಿದ. ಎತ್ತರ ಕೇಳಿ ಬರೆದುಕೊಂಡ. ಕಾಲಿನ ಉದ್ದ, ಕೈಯ ಉದ್ದ ಯಾವುದನ್ನೂ ಅಳೆಯಲಿಲ್ಲ. ಅರ್ಧ ದುಡ್ಡು ಮುಂಗಡ ತೆಗೆದುಕೊಂಡ.

ಸೈಕಲ್ ಬಂತು. ಬದಿಯಡ್ಕದ ಕಡೆ ಏರು ಹತ್ತುವಾಗಲೇ ಹುಡುಗನಿಗೆ ಅನುಮಾನ, ಅಷ್ಟು ಭಾರ. ನಮ್ಮೂರಿನ ರಿಪೇರಿಯವರು ಸೀಟ್ ಪೋಸ್ಟ್ (ಸೀಟನ್ನು ಹಿಡಿಯುವ ಕಂಬ) ಎಳೆದು ತೆಗೆದು ಒಳಗೆ ಟಾರ್ಚ್ ಬಿಟ್ಟರು. "ಇಲ್ಲಿ ನೋಡಿ ಅಣ್ಣ, ಉದ್ದಕ್ಕೂ ಗೆರೆ ಉಂಟು" ಅಂದರು. ಪೋಸ್ಟಿನ ಅಗಲ 25.4 ಮಿಲಿಮೀಟರ್. ಅದು ಕೂರುವ ಪೈಪಿನ ಹೊರ ಅಗಲ 28.6. ಅಂದರೆ ಪೈಪಿನ ಗೋಡೆಯ ದಪ್ಪ ಸುಮಾರು ಒಂದೂವರೆ ಮಿಲಿಮೀಟರ್! ಇದೇ ಅಳತೆಯ ಒಳ್ಳೆಯ ತೆಳು ಕ್ರೋಮೋಲಿ ಪೈಪಿಗೆ ಸಾಮಾನ್ಯವಾಗಿ 27.2ರ ಪೋಸ್ಟ್ ಹೋಗುತ್ತದೆ. ಪೆಡಲ್ ಅಚ್ಚು ಕೂರುವ ಜಾಗದ ಅಡಿಯಲ್ಲಿ ಫ್ಯಾಕ್ಟರಿ ನಂಬರ್ ಉಜ್ಜಿ ತೆಗೆದ ಗುರುತು ಇತ್ತು. ಅದರ ಮೇಲೆ ದಪ್ಪಗೆ ಪೈಂಟ್.

ಗೆರೆ ಇದ್ದ ಮಾತ್ರಕ್ಕೆ ಪೈಪ್ ಕ್ರೋಮೋಲಿ ಅಲ್ಲ ಅಂತಲ್ಲ. ಗೆರೆ ಇರುವ ಕ್ರೋಮೋಲಿಯೂ ಬರುತ್ತದೆ. ಆದರೆ ಇವನು ಹೇಳಿ ಮಾರಿದ್ದು ಗೆರೆ ಇಲ್ಲದ್ದು ಅಂತ. ಮ್ಯಾಗ್ನೆಟ್ ಅಂತೂ ಮಾಮೂಲಿ ಕಬ್ಬಿಣಕ್ಕೂ ಅಂಟುತ್ತದೆ, ಕ್ರೋಮೋಲಿಗೂ ಅಂಟುತ್ತದೆ. ತುಕ್ಕಿನ ಮಾತೂ ಸುಳ್ಳೇ. 4130ರಲ್ಲಿ ಕ್ರೋಮಿಯಂ ನೂರಕ್ಕೆ ಒಂದರಷ್ಟು ಮಾತ್ರ. ಸ್ಟೇನ್‌ಲೆಸ್ ಅನ್ನಿಸಿಕೊಳ್ಳಲು ಹತ್ತೂವರೆಯಾದರೂ ಬೇಕು. ನಮ್ಮ ಕರಾವಳಿಯ ಮಳೆಗೆ ಒಳ್ಳೆಯ ಕ್ರೋಮೋಲಿ ಫ್ರೇಮಿಗೂ ಒಳಗೆ ತುಕ್ಕು ತಡೆಯುವ ಎಣ್ಣೆ ಹೊಡೆಯಬೇಕು. ಅದರ ಬಗ್ಗೆ ಕೇಳಿ. ನಿಜವಾಗಿ ಕೆಲಸ ಮಾಡುವವರಿಗೆ ಉತ್ತರ ಗೊತ್ತಿರುತ್ತದೆ.

ಪೈಂಟ್ ಹೊಡೆಯುವ ಮೊದಲು ನಿಮ್ಮ ಫ್ರೇಮಿನ ಜೋಡಣೆಗಳ ಫೋಟೋ ಕೇಳಿ. ಪೈಪ್ ಖರೀದಿಯ ಬಿಲ್ ತೋರಿಸಲು ಹೇಳಿ. ನಿಮ್ಮ ಬಿಲ್ಲಿನಲ್ಲಿ ಪೈಪಿನ ಜಾತಿ, ಅಳತೆ, ಮಾಡಿದವರ ಹೆಸರು ಎಲ್ಲ ಬರೆಸಿಕೊಳ್ಳಿ. ನಮಗೆ ಸಿಕ್ಕಿದ ಬಿಲ್ಲಿನಲ್ಲಿ "ಸೈಕಲ್ - 1" ಅಂತ ಮಾತ್ರ ಇತ್ತು. ಆದರೂ ಅವನು ಕಳಿಸಿದ ವಾಟ್ಸಾಪ್ ಮೆಸೇಜುಗಳಲ್ಲಿ "ಹ್ಯಾಂಡ್‌ಮೇಡ್, 4130" ಅಂತ ಸ್ಪಷ್ಟವಾಗಿ ಇದೆ. ಈಗ ಫೋನ್ ಎತ್ತುತ್ತಿಲ್ಲ.

ಅದೇ ಮಳಿಗೆಯಲ್ಲಿ ಮುಂಗಡ ಕೊಟ್ಟವರು ಇದ್ದರೆ ಮೆಸೇಜ್ ಅಳಿಸಬೇಡಿ, ಫ್ರೇಮಿಗೆ ಮತ್ತೆ ಪೈಂಟ್ ಹೊಡೆಸಬೇಡಿ. ಮೊದಲು 1915ಕ್ಕೆ ಫೋನ್ ಮಾಡಿ, ಅದು ಗ್ರಾಹಕರ ಸಹಾಯವಾಣಿ. 2019ರ ಗ್ರಾಹಕ ಕಾಯ್ದೆಯ ಪ್ರಕಾರ ಮಾರಿದವನು ಬೇರೆ ರಾಜ್ಯದವನಾದರೂ ನಾವು ಇರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. ಎರಡು ವರ್ಷದೊಳಗೆ ಕೊಡಬೇಕು ಅಷ್ಟೇ. ನಾವು ಕಾಸರಗೋಡಿನಲ್ಲೇ ಕೊಡುತ್ತಿದ್ದೇವೆ.