ಹೆರಾಲ್ಡ್ ಕಾರಿನ ಮುಂಚಕ್ರಕ್ಕೆ ಗ್ರೀಸ್ ತುಂಬಬೇಡಿ

ಟ್ರಯಂಫ್ ಕಂಪನಿಯ ಹಳೇ ಬ್ರಿಟಿಷ್ ಕಾರುಗಳಾದ ಹೆರಾಲ್ಡ್, ವಿಟೆಸ್, ಸ್ಪಿಟ್‌ಫೈರ್, ಜಿಟಿ6, ಇವುಗಳಲ್ಲಿ ಯಾವುದಾದರೂ ನಿಮ್ಮ ಮನೆಮುಂದೆ ನಿಂತಿದ್ದರೆ ಮೊದಲೇ ಹೇಳಿಬಿಡುತ್ತೇನೆ. ಮುಂಚಕ್ರದ ಟ್ರನಿಯನ್‌ಗೆ, ಅಂದರೆ ಸ್ಟಿಯರಿಂಗ್ ತಿರುಗಿಸಿದಾಗ ಚಕ್ರ ತಿರುಗುವ ಕೆಳಗಿನ ಕೀಲಿನ ಭಾಗಕ್ಕೆ, ಗ್ರೀಸ್ ಹಾಕಬೇಡಿ. ನಾನು ಹಾಕಿದೆ. ಹೋದ ಮಾರ್ಚ್‌ನಲ್ಲಿ ಸೂಪರ್‌ಮಾರ್ಕೆಟ್ ಪಾರ್ಕಿಂಗ್‌ನಲ್ಲಿ ಕಾರು ಹಿಂದಕ್ಕೆ ತೆಗೆಯುವಾಗ ಬಲಗಡೆ ಚಕ್ರ ಮಡಚಿಕೊಂಡು ಕಾರು ಮಂಡಿಯೂರಿತು.

ನಾನಿರುವುದು ಕೊವೆಂಟ್ರಿಯಲ್ಲಿ. ಹೆರಾಲ್ಡ್ ತಯಾರಾಗುತ್ತಿದ್ದುದೂ ಇದೇ ಊರಿನ ಕ್ಯಾನ್ಲಿಯಲ್ಲಿ. ಮೈಸೂರಿನಲ್ಲಿ ಅಪ್ಪನ ಹತ್ತಿರ ಇದರ ತಮ್ಮ, ಮದ್ರಾಸಿನಲ್ಲಿ ಮಾಡಿದ ಸ್ಟ್ಯಾಂಡರ್ಡ್ ಹೆರಾಲ್ಡ್ ಇತ್ತು. ಆ ನೆನಪಿಗೆ 1969ರ ಹೆರಾಲ್ಡ್ 13/60 ಮಾಡೆಲ್ ಕೊಂಡೆ. ಸ್ಪ್ಯಾನರ್ ಹಿಡಿದು ಅಭ್ಯಾಸ ಇರಲಿಲ್ಲ. ವಿಡಿಯೋ ನೋಡಿ ಕಲಿಯುತ್ತೇನೆ ಅಂದುಕೊಂಡೆ.

ಮೊದಲನೆಯ ರಿಪೇರಿ ಸರಿಹೋಗಿಬಿಟ್ಟಿತು, ಅದೇ ತಪ್ಪಾಗಿದ್ದು. ಆಕ್ಸಿಲರೇಟರ್ ಒತ್ತಿದರೆ ಗಾಡಿ ತಡವರಿಸುತ್ತಿತ್ತು. ಸ್ಟ್ರಾಂಬರ್ಗ್ ಕಾರ್ಬ್ಯುರೇಟರ್‌ನ ಮೇಲಿರುವ ಡ್ಯಾಶ್‌ಪಾಟ್ ಅನ್ನೋ ಪುಟ್ಟ ಎಣ್ಣೆ ಕೊಳವೆಗೆ ಎಣ್ಣೆ ಹಾಕಿ ಎಂದು ಒಂದು ವಿಡಿಯೋ ಹೇಳಿತು. ಹಾಕಿದೆ, ಹತ್ತು ನಿಮಿಷದಲ್ಲಿ ಸರಿಯಾಯಿತು. ಆಮೇಲೆ ನನ್ನನ್ನು ಹಿಡಿಯುವವರೇ ಇಲ್ಲ! ನಡುವೆ ಅರ್ಧ ಇಂಚಿನ ಬೋಲ್ಟ್‌ಗೆ ಅದಕ್ಕಿಂತ ಚೂರು ದೊಡ್ಡದಾದ 13 ಎಂಎಂ ಸ್ಪ್ಯಾನರ್ ಹಾಕಿ ಮೂಲೆಗಳನ್ನು ಸವೆಸಿದ್ದೂ ಉಂಟು. ಅದರಿಂದಲೂ ಬುದ್ಧಿ ಬರಲಿಲ್ಲ.

ಆಮೇಲೆ 'ಹಳೆಯ ಬ್ರಿಟಿಷ್ ಕಾರುಗಳ ಮುಂದಿನ ಸಸ್ಪೆನ್ಷನ್' ಅನ್ನೋ ಥರದ ವಿಡಿಯೋ ಸಿಕ್ಕಿತು. ಗ್ರೀಸ್ ಗನ್ ಹಿಡಿದ ಮನುಷ್ಯ ಟ್ರನಿಯನ್‌ಗೆ ಹಳೇ ಗ್ರೀಸ್ ಹೊರಬರುವ ತನಕ ಒತ್ತಿದ. ನಾನೂ ಹಾಗೇ ಮಾಡಿದೆ. ಅವನದು ತಪ್ಪಲ್ಲ, ಅವನ ಕಾರು ಮೋರಿಸ್ ಮೈನರ್. ಮೈನರ್ ಟ್ರನಿಯನ್‌ಗೆ ಗ್ರೀಸೇ ಹಾಕಬೇಕು. ಹೆಸರು ಒಂದೇ, ಆ ಕಾಲದ ಕಾರೇ, ಆದರೆ ಟ್ರಯಂಫ್‌ಗೆ ಬೇಕಾಗಿದ್ದು ಇಪಿ 90 ಅನ್ನೋ ದಪ್ಪ ಗೇರ್ ಆಯಿಲ್.

ಕಾರಣ ಸರಳ. ಹೆರಾಲ್ಡ್‌ನಲ್ಲಿ ವರ್ಟಿಕಲ್ ಲಿಂಕ್ ಅನ್ನೋ ಉಕ್ಕಿನ ಕಂಬದ ಕೆಳತುದಿಗೆ ಥ್ರೆಡ್ ಇರುತ್ತದೆ. ಅದು ಕಂಚಿನ ಟ್ರನಿಯನ್ ಒಳಗೆ ಸ್ಕ್ರೂ ಥರ ಕೂತಿರುತ್ತದೆ. ಸ್ಟಿಯರಿಂಗ್ ತಿರುಗಿಸಿದಾಗಲೆಲ್ಲ ಆ ಥ್ರೆಡ್‌ನಲ್ಲೇ ತಿರುಗುತ್ತದೆ. ಎಣ್ಣೆಯಾದರೆ ಥ್ರೆಡ್‌ನ ಸಂದಿಗೆಲ್ಲ ಇಳಿಯುತ್ತದೆ. ಗ್ರೀಸ್ ಇಳಿಯುವುದಿಲ್ಲ, ಬಾಯಲ್ಲೇ ಕೂತು ಗಟ್ಟಿಯಾಗಿ ದಾರಿ ಕಟ್ಟಿಬಿಡುತ್ತದೆ. ಒಳಗೆ ನೀರು ಸೇರಿ ಉಕ್ಕು ತುಕ್ಕು ಹಿಡಿಯುತ್ತದೆ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಬೇರೆ ಎರಚುತ್ತಾರೆ. ನನ್ನ ಲಿಂಕ್ ಎರಡು ಚಳಿಗಾಲ ತಡೆಯಿತು.

ಮುನ್ಸೂಚನೆ ಇತ್ತು. ಸ್ಟಿಯರಿಂಗ್ ಬಿಗಿಯಾಗಿತ್ತು. ಟೈರಲ್ಲಿ ಗಾಳಿ ಕಮ್ಮಿ ಇರಬೇಕು ಎಂದು ಅದಕ್ಕೂ ಒಂದು ವಿಡಿಯೋ ನೋಡಿದೆ, ನಗಬೇಡಿ. 40 ವರ್ಷ ದಾಟಿದ, ಹೆಚ್ಚು ಬದಲಾಯಿಸದ ಕಾರುಗಳಿಗೆ 2018ರಿಂದ ಇಲ್ಲಿ ವಾರ್ಷಿಕ ಎಂಓಟಿ ತಪಾಸಣೆ ಕಡ್ಡಾಯವಲ್ಲ. ದುಡ್ಡು ಉಳಿಯಿತು ಎಂದು ನಾನು ಮಾಡಿಸಲೇ ಇಲ್ಲ. ಮಾಡಿಸಿದ್ದರೆ ಸಿಕ್ಕಿಬೀಳುತ್ತಿತ್ತೋ ಇಲ್ಲವೋ, ಇನ್ನೊಬ್ಬರ ಕಣ್ಣಾದರೂ ಬೀಳುತ್ತಿತ್ತು.

ಆ ದಿನ ಪಾರ್ಕಿಂಗ್‌ನಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿದ್ದೆ, ವೇಗ ನಡಿಗೆಯಷ್ಟು. 'ಟಣ್' ಅಂತ ಸದ್ದು. ಅದಕ್ಕೂ ಒಂದು ಗಂಟೆ ಮೊದಲು ಇದೇ ಕಾರಿನಲ್ಲಿ ಹೆಂಡತಿ ಮಗಳನ್ನು ಕೂರಿಸಿಕೊಂಡು ಎಂ40 ಹೆದ್ದಾರಿಯಲ್ಲಿ 60 ಮೈಲಿ ವೇಗದಲ್ಲಿ ಬಂದಿದ್ದೆ. ಆ ರಾತ್ರಿ ನಿದ್ದೆ ಬರಲಿಲ್ಲ. ಈ ಕಾರಿನ ಬಾನೆಟ್ ಮತ್ತು ಎರಡೂ ಮಡ್‌ಗಾರ್ಡ್ ಒಂದೇ ತುಂಡು. ಚಕ್ರ ಮಡಚಿದಾಗ ಅದೂ ನಗ್ಗಿತು. ಮುರಿದ ಲಿಂಕ್‌ಗಿಂತ ಅದರ ಖರ್ಚೇ ಜಾಸ್ತಿ.

ಅಪ್ಪನಿಗೆ ಫೋನ್ ಮಾಡಿದೆ. ಪೂರ್ತಿ ಕೇಳುವ ಮೊದಲೇ, "ಗ್ರೀಸ್ ಹಾಕಿದ್ಯೇನೋ?" ಅಂದರು. "ಎಣ್ಣೆ ಅಲ್ವೇನೋ ಅದಕ್ಕೆ! ನಮ್ಮ ಮೆಕ್ಯಾನಿಕ್ ಗ್ರೀಸ್ ಗನ್‌ಗೇ ಗೇರ್ ಆಯಿಲ್ ತುಂಬಿ ಒತ್ತುತ್ತಿದ್ದ. ನೀನೇ ಪಕ್ಕ ನಿಂತು ನೋಡ್ತಿದ್ದೆ." ಗ್ರೀಸ್ ಗನ್ ಮಾತ್ರ ನನಗೆ ನೆನಪಿತ್ತು.

ನೀವು ಕೊಂಡ ಕಾರಿಗೆ ಹಿಂದಿನವರು ಏನು ತುಂಬಿದ್ದರೋ ಗೊತ್ತಾಗುವುದಿಲ್ಲ. ಟ್ರನಿಯನ್‌ನ ಪ್ಲಗ್ ಬಿಚ್ಚಿ ನೋಡಿ. ಗ್ರೀಸ್ ಕಂಡರೆ ಮೇಲಿಂದ ಎಣ್ಣೆ ಒತ್ತಿ ಸುಮ್ನಾಗಬೇಡಿ. ಎರಡೂ ಬದಿ ಬಿಚ್ಚಿಸಿ, ಥ್ರೆಡ್ ತೊಳೆಸಿ, ಟ್ರಯಂಫ್ ಗೊತ್ತಿರುವವರಿಗೆ ತೋರಿಸಿ. ನನ್ನ ಕಾರಿನ ಎಡಗಡೆ ಲಿಂಕ್ ಮುರಿದಿರಲಿಲ್ಲ. ಹೊರಗಿಂದ ಹೊಸದರಂತಿತ್ತು. ಬಿಚ್ಚಿ ಒರೆಸಿದರೆ ಕೆಳಗಿನ ಥ್ರೆಡ್ ಸುತ್ತ ಅರ್ಧದಷ್ಟು ಬಿರುಕು ಬಿಟ್ಟಿತ್ತು.